ಹುಡುಕಿ ಬರುವವರ ಋಣ

ಹೊಸದಾಗಿ ಒಂದು ವೆಬ್‌ಸೈಟ್ ಮಾಡಿಕೊಂಡವರಿಗೆ ಬಹುಬೇಗ ಎದುರಾಗುವ ಪ್ರಶ್ನೆ, ಗೂಗಲ್‌ನಲ್ಲಿ ಹುಡುಕಿದಾಗ ನಮ್ಮ ಪುಟ ಮೇಲೆ ಬರಬೇಕಾದರೆ ಏನು ಮಾಡಬೇಕು ಎಂಬುದು. ಇದಕ್ಕೆ ಉತ್ತರ ಹೇಳಿಕೊಡುವವರು ಬೇಕಾದಷ್ಟಿದ್ದಾರೆ. ಆದರೆ ಇದರ ಬೆನ್ನಿಗೇ ಇರುವ ಇನ್ನೊಂದು ಪ್ರಶ್ನೆಯನ್ನು ಕೇಳಿಕೊಳ್ಳುವವರು ಕಡಿಮೆ: ಬರೆದದ್ದು ಮೇಲೆ ಬರಲಿ ಎಂದು ಬಯಸುವುದು, ಅದಕ್ಕಾಗಿಯೇ ಬರಹವನ್ನು ಜೋಡಿಸುವುದು ಧರ್ಮವೇ? ಫಲದ ಮೇಲೆ ಕಣ್ಣಿಡದೆ ಕೆಲಸ ಮಾಡು ಎಂಬ ಮಾತನ್ನು ಕೇಳಿ ಬೆಳೆದವರಲ್ಲಿ ಈ ಅಳುಕು ಸಹಜ. ಒಳ್ಳೆಯದನ್ನು ಬರೆದು ಸುಮ್ಮನಿದ್ದರಾಯಿತು, ಯಾರಿಗೆ ಸಿಗಬೇಕೋ ಅವರಿಗೆ ಸಿಗುತ್ತದೆ ಎಂದು ಸಂಕೋಚದ ಲೇಖಕರು ಅಂದುಕೊಳ್ಳುತ್ತಾರೆ. ಹೇಗಾದರೂ ಮಾಡಿ ಮೊದಲ ಪುಟಕ್ಕೆ ಬಂದುಬಿಡೋಣ, ಉಳಿದದ್ದು ಆಮೇಲೆ ಎಂದು ಅವಸರದವರು ಅಂದುಕೊಳ್ಳುತ್ತಾರೆ. ಇಬ್ಬರೂ ಮರೆತಿರುವುದು ಹುಡುಕುತ್ತಿರುವವರನ್ನು. ಅವರನ್ನು ಲೆಕ್ಕಕ್ಕೆ ತಂದುಕೊಂಡ ಕೂಡಲೇ ಪ್ರಶ್ನೆಯ ರೂಪ ಬದಲಾಗುತ್ತದೆ. ತಿಳಿದದ್ದನ್ನು ಬೇಕಾದವರಿಗೆ ಸಿಗುವಂತೆ ಅಣಿಗೊಳಿಸುವುದು ಬರೆದವರ ಮೇಲಿರುವ ಋಣ. ಮೊದಲ ಸ್ಥಾನ ಮಾತ್ರ ಅವರ ಹಕ್ಕಲ್ಲ. ಈ ಎರಡನ್ನೂ ಒಟ್ಟಿಗೆ ಒಪ್ಪಿಕೊಂಡವರು ಈ ಕೆಲಸವನ್ನು ಪ್ರಾಮಾಣಿಕವಾಗಿಯೂ ನೆಮ್ಮದಿಯಿಂದಲೂ ಮಾಡಬಲ್ಲರು ಎಂಬುದು ನನ್ನ ವಾದ.

ಋಣ ಎಂಬ ಮಾತನ್ನು ಇಲ್ಲಿ ಅಲಂಕಾರಕ್ಕೆ ಬಳಸುತ್ತಿಲ್ಲ. ವೈದಿಕ ಚಿಂತನೆ ಮನುಷ್ಯನ ಮೇಲೆ ದೇವಋಣ, ಪಿತೃಋಣಗಳ ಜೊತೆಗೆ ಋಷಿಋಣವನ್ನೂ ಹೊರಿಸುತ್ತದೆ. ಮುಂಚಿನವರು ಕಂಡುಕೊಂಡ ಅರಿವಿನಿಂದ ನಾವು ಬದುಕುತ್ತಿದ್ದೇವೆ. ಕಲಿತು, ಕಲಿತದ್ದನ್ನು ಉಳಿಸಿ, ಮುಂದಿನವರಿಗೆ ದಾಟಿಸಿದಾಗ ಆ ಸಾಲ ತೀರುತ್ತದೆ ಎಂಬುದು ಅದರ ತಿರುಳು. ದಾಟಿಸುವವರು ಹೇಳಿಬಿಟ್ಟರೆ ಸಾಲದು, ಕೇಳುವವರು ತಮಗೆ ಬೇಕಾದ್ದನ್ನು ಗುರುತಿಸುವಂತೆ ಇಡಬೇಕು ಎಂಬ ಎಚ್ಚರ ಆ ಪರಂಪರೆಗೆ ಮೊದಲಿನಿಂದ ಇತ್ತು. ಋಗ್ವೇದದ 1028 ಸೂಕ್ತಗಳಿಗೆ ಕಾತ್ಯಾಯನನ ಸರ್ವಾನುಕ್ರಮಣಿ ಇದೆ. ಪ್ರತಿ ಸೂಕ್ತದ ಮೊದಲ ಪದ, ಋಕ್ಕುಗಳ ಸಂಖ್ಯೆ, ಋಷಿ, ದೇವತೆ, ಛಂದಸ್ಸು ಇವಿಷ್ಟನ್ನು ಅದು ಸಾಲಾಗಿ ಕೊಡುತ್ತದೆ. ಇವನ್ನು ತಿಳಿಯದೆ ಮಂತ್ರ ಹೇಳಿದರೆ ಫಲವಿಲ್ಲ ಎಂಬ ನಂಬಿಕೆಯೂ ಇದರೊಂದಿಗೆ ಬೆಳೆಯಿತು. ಮಹಾಭಾರತದ ಆದಿಪರ್ವದ ಆರಂಭದಲ್ಲೇ ಪರ್ವಸಂಗ್ರಹ ಎಂಬ ಭಾಗ ಬರುತ್ತದೆ. ಮುಂದೆ ಯಾವ ಪರ್ವದಲ್ಲಿ ಏನಿದೆ, ಎಷ್ಟು ಅಧ್ಯಾಯ, ಎಷ್ಟು ಶ್ಲೋಕ ಎಂದು ಕಥೆ ಶುರುವಾಗುವ ಮೊದಲೇ ಅದು ತಿಳಿಸುತ್ತದೆ. ಹಿಂದಿನವರಿಗೆ ಗೂಗಲ್ ಗೊತ್ತಿತ್ತು ಎಂದು ಹೇಳುವ ಹುರುಪಿನಿಂದ ಇದನ್ನು ಎತ್ತಿಲ್ಲ. ದೊಡ್ಡ ಅರಿವಿನ ರಾಶಿಯೊಳಗೆ ಓದುಗ ದಾರಿ ತಪ್ಪದಂತೆ ನೋಡಿಕೊಳ್ಳುವುದು ಪವಿತ್ರ ಗ್ರಂಥಗಳಿಗೂ ಕೀಳಾದ ಕೆಲಸವೆನಿಸಿರಲಿಲ್ಲ, ಅಷ್ಟೇ. ಸೂಚಿಯನ್ನೂ ವಿಂಗಡಣೆಯನ್ನೂ ಅವರು ಅರಿವಿನ ಒಂದು ಅಂಗವೆಂದೇ ಎಣಿಸಿದರು.

ಇನ್ನೂ ಹತ್ತಿರದ ಸಹಾಯ ಶಾಸ್ತ್ರಗ್ರಂಥಗಳ ಕಟ್ಟುವಿಕೆಯಲ್ಲಿ ಸಿಗುತ್ತದೆ. ಪ್ರಯೋಜನ ಏನೆಂದು ಹೇಳದ ಹೊರತು ಯಾವ ಶಾಸ್ತ್ರವನ್ನೂ ಯಾರೂ ಕೈಗೆತ್ತಿಕೊಳ್ಳುವುದಿಲ್ಲ ಎಂಬರ್ಥದ ಮಾತು ಮೀಮಾಂಸಕ ಕುಮಾರಿಲ ಭಟ್ಟನ ಶ್ಲೋಕವಾರ್ತಿಕದಲ್ಲಿದೆ. ಮುಂದೆ ಇದು ಅನುಬಂಧ ಚತುಷ್ಟಯ ಎಂಬ ನಿಯಮವಾಗಿ ನೆಲೆಯಾಯಿತು. ಸದಾನಂದನ ವೇದಾಂತಸಾರ ಆರಂಭದಲ್ಲೇ ಅದನ್ನು ವಿವರಿಸುತ್ತದೆ. ಗ್ರಂಥ ಯಾರಿಗಾಗಿ ಎಂಬುದು ಅಧಿಕಾರಿ. ಯಾವುದರ ಬಗ್ಗೆ ಎಂಬುದು ವಿಷಯ. ಗ್ರಂಥಕ್ಕೂ ವಿಷಯಕ್ಕೂ ಇರುವ ನಂಟು ಸಂಬಂಧ. ಓದಿದವರಿಗೆ ಆಗುವುದೇನು ಎಂಬುದು ಪ್ರಯೋಜನ. ಈ ನಾಲ್ಕನ್ನು ಮೊದಲೇ ತಿಳಿಸುವುದು ಓದುಗರ ಸಮಯಕ್ಕೆ ಕೊಡುವ ಗೌರವ. ಇದು ತನಗೆ ಬೇಕಾದ ಗ್ರಂಥವಲ್ಲ ಎಂದು ತಿಳಿದು ಎದ್ದುಹೋಗುವ ಸ್ವಾತಂತ್ರ್ಯವನ್ನೂ ಅದು ಕೊಡುತ್ತದೆ. ವೆಬ್‌ಸೈಟ್ ಜೋಡಿಸಲು ಹೊರಟ ಹೊಸಬರಿಗೆ ಇಂದು ಸಿಗುವ ನೂರು ಸಲಹೆಗಳನ್ನು ಸೋಸಿದರೆ ಉಳಿಯುವ ಗಟ್ಟಿ ಕಾಳೂ ಈ ನಾಲ್ಕೇ.

ಒಂದು ನಿದರ್ಶನವನ್ನು ಹತ್ತಿರದಿಂದ ನೋಡೋಣ. ಅಡಿಕೆ ಬೇಸಾಯ ಬಲ್ಲ ಮಲೆನಾಡಿನ ಒಬ್ಬರು ತಮ್ಮ ತಿಳಿವಳಿಕೆಯನ್ನೆಲ್ಲ ಬರೆದಿಡುತ್ತಾರೆ ಎಂದುಕೊಳ್ಳಿ. ಒಂದೇ ಉದ್ದದ ಪುಟ, ಅದಕ್ಕೆ ‘ತೋಟದ ಅನುಭವಗಳು, ಭಾಗ 3’ ಎಂಬ ಶೀರ್ಷಿಕೆ. ಅದರಲ್ಲಿ ಸಸಿ ಆಯ್ಕೆ, ಬಸಿಗಾಲುವೆ, ಗೊಬ್ಬರ, ಕೊನೆಗೆಲ್ಲೋ ಕೊಳೆರೋಗ. ಇನ್ನೊಂದೆಡೆ ಆಷಾಢದ ಮಳೆ ಬಿಡದೆ ಹೊಡೆಯುತ್ತಿದೆ. ತೊಟ್ಟಿನ ಬಳಿ ನೀರಿಳಿದಂಥ ಕಲೆಯಾಗಿ ಹಸಿರು ಕಾಯಿ ಉದುರಿವೆ, ಬಿದ್ದ ಕಾಯಿಯ ಮೇಲೆ ಬಿಳಿಯ ಬೂಸ್ಟು. ತೋಟದವರು ಮೊಬೈಲ್‌ನಲ್ಲಿ ಹುಡುಕುವುದು ‘ಅಡಿಕೆ ಕಾಯಿ ಉದುರುತ್ತಿದೆ, ಯಾವ ಔಷಧಿ ಹೊಡೆಯಬೇಕು’ ಎಂದು. ಅವರಿಗೆ ಬೇಕಾದ ಉತ್ತರ ಆ ಉದ್ದನೆಯ ಪುಟದೊಳಗೇ ಇದೆ: ಶೇಕಡ 1ರ ಬೋರ್ಡೋ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತನ್ನು 50 ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣವನ್ನು ಬೇರೆ 50 ಲೀಟರ್ ನೀರಿನಲ್ಲಿ ಕರಗಿಸಿ ಬೆರೆಸಬೇಕು, ಕಬ್ಬಿಣದ ಪಾತ್ರೆ ಬೇಡ, ತೊಳೆದ ಚೂರಿಯನ್ನು ಅದ್ದಿ ನೋಡಿದಾಗ ತಾಮ್ರದ ಬಣ್ಣ ಹಿಡಿದರೆ ಇನ್ನಷ್ಟು ಸುಣ್ಣ ಸೇರಿಸಬೇಕು, ಮಳೆಗೆ ಮೊದಲು ಒಂದು ಸಲ, 40-45 ದಿನ ಕಳೆದು ಇನ್ನೊಂದು ಸಲ ಹೊಡೆಯಬೇಕು. ಉತ್ತರ ಸರಿಯಾಗಿದೆ, ಬರೆದವರ ಮನಸ್ಸೂ ಒಳ್ಳೆಯದಿದೆ, ಆದರೂ ಹುಡುಕಿದವರಿಗೆ ಅದು ಸಿಗಲಿಲ್ಲ. ಇಲ್ಲಿ ಆದ ನಷ್ಟ ಬರೆದವರ ಕೀರ್ತಿಯದ್ದಲ್ಲ, ಒಂದು ತೋಟದ ಆ ವರ್ಷದ ಫಸಲಿನದು. ಅದೇ ವಿಷಯಕ್ಕೆ ಬೇರೆ ಪುಟ ಮಾಡಿ, ‘ಅಡಿಕೆ ಕೊಳೆರೋಗ: ಗುರುತು ಹಿಡಿಯುವುದು, ಬೋರ್ಡೋ ದ್ರಾವಣ ತಯಾರಿಸುವುದು’ ಎಂದು ಶೀರ್ಷಿಕೆ ಕೊಟ್ಟು, ಲಕ್ಷಣ, ಅಳತೆ, ಪರೀಕ್ಷೆ, ಹೊಡೆಯುವ ಕಾಲ ಎಂದು ಉಪಶೀರ್ಷಿಕೆಗಳಲ್ಲಿ ಬಿಡಿಸಿ, ಜನ ಆಡುವ ‘ಕಾಯಿ ಉದುರುವುದು’ ಎಂಬ ಮಾತನ್ನೇ ಮೊದಲ ಸಾಲುಗಳಲ್ಲಿ ಬರೆದಿದ್ದರೆ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ನಾಲ್ಕೂ ಹೇಳಿದಂತಾಗುತ್ತಿತ್ತು. ಸರ್ಚ್ ಇಂಜಿನ್‌ಗೂ ಆ ಪುಟ ಯಾವುದರ ಬಗ್ಗೆ ಎಂದು ತಿಳಿಯುತ್ತಿತ್ತು.

ಸರ್ಚ್ ಇಂಜಿನ್ ಕೆಲಸ ಮಾಡುವ ಬಗೆಯೂ ಇದನ್ನೇ ಹೇಳುತ್ತದೆ. ಅದರ ಕ್ರಾಲರ್ ಒಂದು ಪುಟದಿಂದ ಇನ್ನೊಂದಕ್ಕೆ ಲಿಂಕ್ ಹಿಡಿದು ಹೋಗುತ್ತದೆ, ಸಿಕ್ಕ ಪುಟವನ್ನು ಓದಿ ಸೂಚಿಗೆ ಸೇರಿಸುತ್ತದೆ, ಯಾರಾದರೂ ಹುಡುಕಿದಾಗ ಆ ಸೂಚಿಯಿಂದ ಆರಿಸಿ ಕೊಡುತ್ತದೆ. ಹಾಗಾಗಿ ಯಾವ ಪುಟದಿಂದಲೂ ಲಿಂಕ್ ಇಲ್ಲದೆ ಒಂಟಿಯಾಗಿ ಬಿದ್ದಿರುವ ಬರಹ, ದಾರಿಯಿಲ್ಲದ ಮನೆಯಂತೆ, ಇದ್ದೂ ಇಲ್ಲದ ಸ್ಥಿತಿಯಲ್ಲಿರುತ್ತದೆ. ಹೊಸಬರು ಮಾಡಬೇಕಾದದ್ದು ಹೆಚ್ಚೇನಿಲ್ಲ. ಒಂದು ಪುಟಕ್ಕೆ ಒಂದೇ ವಿಷಯ. ಪುಟದೊಳಗೆ ಏನಿದೆಯೋ ಅದನ್ನೇ ಹೇಳುವ, ಬೇರೆ ಪುಟದ್ದಕ್ಕಿಂತ ಬೇರೆಯಾದ ಶೀರ್ಷಿಕೆ. ಒಂದೇ ಬಗೆಯ ಪುಟಗಳನ್ನು ಒಂದು ವಿಭಾಗದ ಕೆಳಗೆ ತಂದು, ಆ ವಿಭಾಗಕ್ಕೆ ಒಂದು ಮುಖ್ಯ ಪುಟ ಮಾಡಿ, ಅಲ್ಲಿಂದ ಒಳಪುಟಗಳಿಗೂ ಒಳಪುಟಗಳಿಂದ ಅದಕ್ಕೂ ಲಿಂಕ್. ‘ಇಲ್ಲಿ ಒತ್ತಿ’ ಎನ್ನುವ ಬದಲು ಹೋಗಲಿರುವ ಪುಟದ ವಿಷಯವನ್ನೇ ಲಿಂಕಿನ ಮಾತಾಗಿ ಬರೆಯುವುದು. ಒಂದೇ ಸಂಗತಿಯನ್ನು ನಾಲ್ಕು ಪುಟಗಳಲ್ಲಿ ಚೆಲ್ಲದೆ ಒಂದರಲ್ಲಿ ಪೂರ್ತಿ ಹೇಳುವುದು. ಚಿತ್ರದಲ್ಲಿ ಏನಿದೆ ಎಂದು ಬರಹದಲ್ಲೂ ತಿಳಿಸುವುದು. ಇದು ಕಣ್ಣು ಕಾಣದ ಓದುಗರಿಗೂ ಬೇಕು, ಯಂತ್ರಕ್ಕೂ ಬೇಕು. ಈ ಪಟ್ಟಿಯಲ್ಲಿ ಓದುಗರಿಗೆ ಬೇಡವಾದದ್ದು, ಯಂತ್ರಕ್ಕೆ ಮಾತ್ರ ಬೇಕಾದದ್ದು ಒಂದೂ ಇಲ್ಲ ಎಂಬುದನ್ನು ಗಮನಿಸಬೇಕು. ಗೂಗಲ್ ಹೊಸಬರಿಗಾಗಿ ಪ್ರಕಟಿಸಿರುವ ಕೈಪಿಡಿಯೂ ಮೊದಲ ಸ್ಥಾನಕ್ಕೆ ಏರಿಸುವ ಗುಟ್ಟು ಯಾವುದೂ ಇಲ್ಲ ಎಂದೇ ಹೇಳುತ್ತದೆ.

ಹಾಗಾದರೆ ಸ್ಥಾನವನ್ನೇ ಗುರಿಯಾಗಿಟ್ಟುಕೊಂಡರೆ ತಪ್ಪೇನು? ಇದಕ್ಕೆ ಉತ್ತರ ಉಪದೇಶಕ್ಕಿಂತ ಚರಿತ್ರೆಯಲ್ಲಿ ಸ್ಪಷ್ಟವಾಗಿದೆ. 1998ರಲ್ಲಿ ಗೂಗಲ್ ಸ್ಥಾಪಕರಾದ ಸೆರ್ಗೆ ಬ್ರಿನ್ ಮತ್ತು ಲ್ಯಾರಿ ಪೇಜ್ ಮಂಡಿಸಿದ ಪೇಜ್‌ರ‍್ಯಾಂಕ್ ಎಂಬ ಕ್ರಮ, ವಿದ್ವಾಂಸರು ಒಬ್ಬರ ಪ್ರಬಂಧವನ್ನು ಇನ್ನೊಬ್ಬರು ಉಲ್ಲೇಖಿಸುವುದನ್ನು ಹೋಲುತ್ತಿತ್ತು. ಒಂದು ಪುಟಕ್ಕೆ ಬೇರೆಯವರು ಕೊಟ್ಟ ಲಿಂಕ್ ಎಂದರೆ ಅವರು ಇಟ್ಟ ವಿಶ್ವಾಸ. ವಿಶ್ವಾಸದ ಈ ಗುರುತು ಸ್ಥಾನ ತಂದುಕೊಡುತ್ತದೆ ಎಂದು ತಿಳಿದದ್ದೇ ತಡ, ಲಿಂಕ್‌ಗಳ ಕೊಡುಕೊಳ್ಳುವಿಕೆ ಶುರುವಾಯಿತು, ಲಿಂಕ್‌ಗಳಿಗಾಗಿಯೇ ಖಾಲಿ ಸೈಟ್‌ಗಳು ಹುಟ್ಟಿದವು. ಪುಟದ ವಿಷಯ ತಿಳಿಸಲೆಂದು ಇದ್ದ ಕೀವರ್ಡ್ ಟ್ಯಾಗಿನಲ್ಲಿ ಸಂಬಂಧವಿಲ್ಲದ ಪದಗಳನ್ನೆಲ್ಲ ತುರುಕಿದ್ದರಿಂದ ಆ ಟ್ಯಾಗೇ ಕೆಲಸಕ್ಕೆ ಬಾರದೆ ಹೋಯಿತು. ಶ್ರೇಯಾಂಕಕ್ಕೆ ಅದನ್ನು ಬಳಸುತ್ತಿಲ್ಲ ಎಂದು ಗೂಗಲ್ 2009ರಲ್ಲಿ ಬಹಿರಂಗವಾಗಿ ತಿಳಿಸಿತು. ಹುರುಳಿಲ್ಲದ ಪುಟಗಳನ್ನು ಕೆಳಗಿಳಿಸಲು 2011ರಲ್ಲಿ ಪಾಂಡಾ, ಕೃತಕ ಲಿಂಕ್‌ಗಳನ್ನು ತಡೆಯಲು 2012ರಲ್ಲಿ ಪೆಂಗ್ವಿನ್ ಎಂಬ ಬದಲಾವಣೆಗಳು ಬಂದವು. ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ಸಂದರ್ಭದಲ್ಲಿ ಗುರುತಿಸಿದ ಸಂಗತಿ ಇಲ್ಲಿಯೂ ನಿಜವಾಯಿತು: ಅಳತೆಗೋಲನ್ನೇ ಗುರಿ ಮಾಡಿಕೊಂಡರೆ ಅದು ಅಳೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಫಲದ ಹಂಬಲ ಕರ್ಮವನ್ನೇ ಕೆಡಿಸುತ್ತದೆ ಎಂಬ ಗೀತೆಯ ನಿಲುವನ್ನು ನಾವು ಮನಃಶಾಂತಿಯ ಉಪಾಯವೆಂದು ಮಾತ್ರ ಓದುತ್ತೇವೆ. ಅದು ಕೆಲಸದ ಗುಣಮಟ್ಟದ ಬಗೆಗಿನ ವಾಸ್ತವ ಹೇಳಿಕೆಯೂ ಹೌದು ಎಂಬುದಕ್ಕೆ ಈ ಕಾಲು ಶತಮಾನದ ಅಂತರ್ಜಾಲವೇ ಸಾಕ್ಷಿ.

ಒಂದೇ ಕ್ರಿಯೆ ಒಂದೆಡೆ ಸೇವೆ, ಇನ್ನೊಂದೆಡೆ ವಂಚನೆ ಆಗುವುದನ್ನು ಮೀಮಾಂಸಕರ ಇನ್ನೊಂದು ವಿಚಾರದಿಂದ ಅರಿಯಬಹುದು. ಒಂದು ಗ್ರಂಥದ ತಾತ್ಪರ್ಯವನ್ನು ನಿರ್ಣಯಿಸಲು ಅವರೂ ವೇದಾಂತಿಗಳೂ ಆರು ಗುರುತುಗಳನ್ನು ಬಳಸುತ್ತಾರೆ: ಆರಂಭ ಮತ್ತು ಮುಕ್ತಾಯಗಳ ಹೊಂದಾಣಿಕೆ, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ. ಇವುಗಳಲ್ಲಿ ಅಭ್ಯಾಸವೆಂದರೆ ಮುಖ್ಯ ವಿಷಯ ಮತ್ತೆ ಮತ್ತೆ ಬರುವುದು. ಪುಟದ ತುಂಬ ಕೀವರ್ಡ್ ತುರುಕುವವರು ಹಿಡಿದಿರುವುದು ಈ ಒಂದನ್ನೇ, ಉಳಿದ ಐದನ್ನು ಬಿಟ್ಟು. ಬೇರೆಲ್ಲೂ ಸಿಗದ ಹೊಸ ಸಂಗತಿ ಇಲ್ಲ, ಓದಿದವರಿಗೆ ಪ್ರಯೋಜನವಿಲ್ಲ, ಯುಕ್ತಿಯ ಬಲವಿಲ್ಲ. ‘ಅಡಿಕೆ ಕೊಳೆರೋಗ’ ಎಂಬ ಮಾತು ಮಾತ್ರ ಇಪ್ಪತ್ತು ಸಲ ಇದೆ. ಕೊಳೆರೋಗದ ಬಗ್ಗೆ ನಿಜವಾಗಿ ವಿವರಿಸುವವರ ಬರಹದಲ್ಲೂ ಆ ಮಾತು ಹಲವು ಸಲ ಬಂದೇ ಬರುತ್ತದೆ, ಆದರೆ ಅಲ್ಲಿ ಅದು ವಿಷಯದಿಂದ ಹುಟ್ಟಿ ಬಂದಿರುತ್ತದೆ. ಗುರುತನ್ನು ತೊಟ್ಟುಕೊಂಡ ಮಾತ್ರಕ್ಕೆ ಗುಣ ಬರುವುದಿಲ್ಲ ಎಂಬ ವಿವೇಕವೇ ಇಲ್ಲಿ ಧರ್ಮದ ಗೆರೆ.

ಈಗ ಆಕ್ಷೇಪಗಳಿಗೆ ಬರೋಣ. ಸತ್ಯಕ್ಕೆ ತನ್ನದೇ ಬಲವಿದೆ, ಅದನ್ನು ಜೋಡಿಸಿ ಮುಂದೊತ್ತುವ ಅಗತ್ಯವಿಲ್ಲ ಎಂಬುದು ಮೊದಲನೆಯದು. ಕನ್ನಡದ ಅನುಭವ ಇದನ್ನು ಒಪ್ಪುವುದಿಲ್ಲ. ಹನ್ನೆರಡನೆಯ ಶತಮಾನದ ವಚನಗಳಿಗಿಂತ ಬಲವಾದ ಮಾತು ಬೇರೆ ಯಾವುದಿದೆ? ಆದರೂ ಅವುಗಳಲ್ಲಿ ಎಷ್ಟೋ ವಚನಗಳು ತಲೆಮಾರುಗಳ ಕಾಲ ಮನೆ ಮಠಗಳ ತಾಡೋಲೆ ಕಟ್ಟುಗಳಲ್ಲಿ ಉಳಿದಿದ್ದವು. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಬಿಡಿ ವಚನಗಳನ್ನು ಶರಣರ ಸಂವಾದವಾಗಿ ಹೆಣೆದು ಶೂನ್ಯಸಂಪಾದನೆ ಮಾಡಿದರು. ಭಕ್ತನಿಂದ ಐಕ್ಯದವರೆಗಿನ ಷಟ್‌ಸ್ಥಲದ ಚೌಕಟ್ಟು ವಚನಗಳನ್ನು ಸಾಧನೆಯ ಹಂತಕ್ಕೆ ತಕ್ಕಂತೆ ವಿಂಗಡಿಸಲು ನೆರವಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಫ.ಗು. ಹಳಕಟ್ಟಿಯವರು ಓಲೆಗರಿಗಳನ್ನು ಅರಸಿ, ಸಂಗ್ರಹಿಸಿ, ವಿಷಯಕ್ಕೆ ತಕ್ಕಂತೆ ಜೋಡಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಅಚ್ಚಿಗೆ ತಂದ ಮೇಲೆ ಆ ಸಾಹಿತ್ಯ ಸಾಮಾನ್ಯ ಓದುಗರ ಕೈಗೆ ಬಂತು. ವಚನದ ಸತ್ಯಕ್ಕೆ ಇವರು ಏನನ್ನೂ ಸೇರಿಸಲಿಲ್ಲ. ಅದಕ್ಕೂ ಹುಡುಕುವವರಿಗೂ ನಡುವಿನ ದೂರವನ್ನು ಇಳಿಸಿದರು. ನಮ್ಮ ಕಾಲದಲ್ಲೂ ಇಂಥದ್ದೇ ಒಂದು ದೂರ ಉಳಿದಿದೆ. ಯೂನಿಕೋಡ್ ಅಲ್ಲದ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚಾದ ಕನ್ನಡ ಬರಹ ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರಕ್ಕೆ ರೋಮನ್ ಅಕ್ಷರಗಳ ಅರ್ಥವಿಲ್ಲದ ಸಾಲು. ಅದು ಹುಡುಕಿದವರಿಗೆ ಸಿಗಬೇಕಾದರೆ ಯಾರಾದರೂ ಕುಳಿತು ಅದನ್ನು ಪರಿವರ್ತಿಸಿ, ಕರಡು ತಿದ್ದಿ, ಹೆಸರಿಟ್ಟು, ವಿಂಗಡಿಸಬೇಕು.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು. ಸರ್ಚ್ ಇಂಜಿನ್ ಜಾಹೀರಾತಿನಿಂದ ಬದುಕುವ ಖಾಸಗಿ ಸಂಸ್ಥೆ. ಅದರ ನಿಯಮಕ್ಕೆ ತಕ್ಕಂತೆ ಬರಹ ಜೋಡಿಸಿದರೆ ಅರಿವನ್ನು ವ್ಯಾಪಾರಕ್ಕೆ ಅಡವಿಟ್ಟಂತಲ್ಲವೇ? ಜಾಹೀರಾತಿನ ಹಣದಿಂದ ನಡೆಯುವ ಸರ್ಚ್ ಇಂಜಿನ್ ಬಳಕೆದಾರರಿಗಿಂತ ಜಾಹೀರಾತುದಾರರ ಕಡೆಗೆ ವಾಲುವ ಅಪಾಯವನ್ನು ಬ್ರಿನ್ ಮತ್ತು ಪೇಜ್ ಅವರೇ ತಮ್ಮ 1998ರ ಪ್ರಬಂಧದಲ್ಲಿ ಹೇಳಿದ್ದರು. ಆದ್ದರಿಂದ ಈ ಸಂಶಯಕ್ಕೆ ಆಧಾರವಿದೆ, ಮೊದಲ ಸ್ಥಾನದಲ್ಲಿರುವುದೇ ಸತ್ಯ ಎಂದು ನಂಬುವುದೂ ತಪ್ಪು. ಆದರೆ ಇದರಿಂದ ವಿಂಗಡಣೆ ಬೇಡ ಎಂಬ ತೀರ್ಮಾನ ಹೊರಡುವುದಿಲ್ಲ. ಸ್ಪಷ್ಟ ಶೀರ್ಷಿಕೆ, ಒಂದು ಪುಟಕ್ಕೆ ಒಂದು ವಿಷಯ, ಪುಟಗಳ ನಡುವಿನ ನಂಟು ಇವು ಯಾವ ಸಂಸ್ಥೆಯ ಸ್ವತ್ತೂ ಅಲ್ಲ. ಆ ಸಂಸ್ಥೆ ಇಲ್ಲವಾದರೂ ಓದುಗರಿಗೆ ಅವು ಬೇಕೇ ಬೇಕು. ಹಿಂದೆ ಸರಿದರೆ ಆಗುವುದೇನೆಂದರೆ, ಕೊಳೆರೋಗಕ್ಕೆ ಉತ್ತರ ಹುಡುಕುವವರ ಮುಂದೆ ಸರಕು ಮಾರುವವರ ಪುಟಗಳಷ್ಟೇ ಉಳಿಯುತ್ತವೆ. ಬಲ್ಲವರ ಮೌನದಿಂದ ವ್ಯಾಪಾರಕ್ಕೆ ಕಡಿವಾಣ ಬೀಳುವುದಿಲ್ಲ. ಗೀತೆ ಲೋಕಸಂಗ್ರಹ ಎನ್ನುವುದು ಇದನ್ನೇ: ತನಗೆ ಬೇಕಿಲ್ಲದಿದ್ದರೂ ಜನರಿಗೆ ಬೇಕಾದ ಕೆಲಸವನ್ನು ಬಲ್ಲವರು ಬಿಡಬಾರದು.

ಇಷ್ಟೆಲ್ಲ ಮಾಡಿದರೂ ದೊಡ್ಡ ಸೈಟ್‌ಗಳು, ಕೆಲವೊಮ್ಮೆ ಅಡ್ಡದಾರಿ ಹಿಡಿದವರು ಮೇಲೆ ಬರುತ್ತಾರಲ್ಲ ಎಂಬುದು ಮೂರನೆಯ ಆಕ್ಷೇಪ. ನಿಜ, ಬರುತ್ತಾರೆ. ಶ್ರೇಯಾಂಕ ನೂರಾರು ಸಂಗತಿಗಳ ಮೇಲೆ ನಿಂತಿದೆ. ಅವುಗಳಲ್ಲಿ ಬಹುಪಾಲು ನಮ್ಮ ಕೈಯಲ್ಲಿಲ್ಲ. ಕರ್ಮದ ಮೇಲೆ ಅಧಿಕಾರವಿದೆ, ಫಲದ ಮೇಲಿಲ್ಲ ಎಂಬ ವಿವೇಕ ಬೇಕಾಗುವುದು ಇಂಥ ಹೊತ್ತಿನಲ್ಲೇ. ಅದೇ ಜಾಗದಲ್ಲಿ ಗೀತೆ ಅಕರ್ಮದ ಕಡೆಗೂ ಒಲವು ಬೇಡ ಎಂದು ಎಚ್ಚರಿಸುತ್ತದೆ, ಕರ್ಮದಲ್ಲಿನ ಕೌಶಲವನ್ನೇ ಯೋಗವೆಂದು ಕರೆಯುತ್ತದೆ. ಫಲಕ್ಕೆ ಅಂಟಿಕೊಳ್ಳದಿರುವುದೆಂದರೆ ಫಲವನ್ನು ನೋಡದಿರುವುದಲ್ಲ. ಜನ ಯಾವ ಪದಗಳಿಂದ ಹುಡುಕಿ ನಮ್ಮ ಪುಟಕ್ಕೆ ಬಂದರು ಎಂದು ಗೂಗಲ್‌ನ ಸರ್ಚ್ ಕನ್ಸೋಲ್ ಎಂಬ ಸಾಧನದಲ್ಲಿ ನೋಡುವುದು, ಅವರ ಪ್ರಶ್ನೆ ಎಲ್ಲಿ ಉತ್ತರವಿಲ್ಲದೆ ಉಳಿಯಿತು ಎಂದು ತಿಳಿದು ತಿದ್ದುವುದು ಕೌಶಲದ ಭಾಗ. ಅದೇ ಅಂಕಿಯನ್ನು ತನ್ನ ಬೆಲೆಯ ಅಳತೆಯಾಗಿ ಓದತೊಡಗಿದರೆ ಅದು ಬಂಧನ.

ಕೊನೆಯದಾಗಿ ಹೊಸ ಆಕ್ಷೇಪವೊಂದಿದೆ. 2024ರಿಂದ ಗೂಗಲ್ ಹುಡುಕಾಟದ ಫಲಿತಾಂಶಗಳ ಮೇಲೆ ಕೃತಕ ಬುದ್ಧಿಮತ್ತೆ ಬರೆದ ಸಾರಾಂಶವನ್ನು ತೋರಿಸತೊಡಗಿದೆ. ಓದುಗರು ಪುಟಕ್ಕೆ ಬರದೆಯೇ ಉತ್ತರ ಪಡೆದು ಹೋಗಬಹುದು. ಹಾಗಿದ್ದರೆ ಜೋಡಿಸುವ ಶ್ರಮ ಯಾಕೆ? ಬರೆಯುವುದನ್ನೇ ಬದುಕಾಗಿಸಿಕೊಂಡವರಿಗೆ ಇದರಿಂದ ಆಗುವ ನಷ್ಟ ಸಣ್ಣದಲ್ಲ, ಅವರಿಗೆ ನ್ಯಾಯವಾದ ಪಾಲು ಸಿಗಬೇಕೆಂಬ ಬೇಡಿಕೆ ಸರಿಯಾದದ್ದು. ಆದರೂ ಆ ಸಾರಾಂಶ ಎಲ್ಲಿಂದಲೋ ಓದಿ ಬರೆಯಬೇಕಲ್ಲ. ಸುಣ್ಣ ಮೈಲುತುತ್ತಿನ ಅಳತೆ ತಪ್ಪಾಗಿ ಬರೆದ ಪುಟವೇ ಅದಕ್ಕೆ ಸುಲಭವಾಗಿ ಸಿಕ್ಕರೆ ತಪ್ಪೇ ಹರಡುತ್ತದೆ. ಸರಿಯಾದದ್ದನ್ನು ಸ್ಪಷ್ಟವಾಗಿ, ಬರೆದವರು ಯಾರು, ಯಾವ ಆಧಾರದ ಮೇಲೆ ಎಂದು ತಿಳಿಯುವಂತೆ ಇಡುವ ಹೊಣೆ ಈಗ ಹೆಚ್ಚಿದೆಯೇ ಹೊರತು ಕಡಿಮೆಯಾಗಿಲ್ಲ. ಹಾಗಾಗಿ ಹೊಸಬರು ತಾವು ಮಾಡುವ ಪ್ರತಿ ಜೋಡಣೆಗೂ ಒಂದೇ ಪರೀಕ್ಷೆ ಇಟ್ಟುಕೊಂಡರೆ ಸಾಕು: ನಾಳೆ ಶ್ರೇಯಾಂಕವೆಂಬುದೇ ಇಲ್ಲವಾದರೂ ಈ ಶೀರ್ಷಿಕೆ, ಈ ವಿಭಾಗ, ಈ ಲಿಂಕ್ ಓದುಗರಿಗೆ ಉಪಯೋಗಕ್ಕೆ ಬರುತ್ತದೆಯೇ? ಬರುತ್ತದೆ ಎಂದಾದರೆ ಸಂಕೋಚವಿಲ್ಲದೆ ಮಾಡಬೇಕು. ಇಲ್ಲವೆಂದಾದರೆ ಅದು ಎಷ್ಟೇ ಮೇಲಕ್ಕೇರಿಸುವುದಾದರೂ ತೆಗೆದುಹಾಕಬೇಕು. ಈ ಪರೀಕ್ಷೆಯಲ್ಲಿ ಗೆದ್ದ ಪುಟ ಹತ್ತನೆಯ ಸ್ಥಾನದಲ್ಲಿದ್ದರೂ ತನ್ನ ಋಣ ತೀರಿಸಿದೆ. ಸೋತ ಪುಟ ಮೊದಲನೆಯದಾಗಿದ್ದರೂ ಸಾಲಗಾರನೇ.